ಡಬ್ಬಿಯ ಮೇಲಿನ ಅಂಕಿ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂತು. ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿದೆ. ಅರ್ಧ ಹಣ ಅಬ್ಬಾ ಕೊಟ್ಟರು. ಉಳಿದರ್ಧ ಆಪಾಳದ್ದು. ಎರಡು ವರ್ಷ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣ ಅದು. ಬಿ.ಕಾಂ. ಓದುತ್ತಿರುವ ಅವಳಿಗೆ ಟ್ಯಾಲಿ ಕಲಿಯಬೇಕಿತ್ತು. ನನಗೆ ಪ್ರೋಗ್ರಾಮಿಂಗ್, ವಿಡಿಯೊ ಎಡಿಟಿಂಗ್, ಜೊತೆಗೆ ಸ್ವಲ್ಪ ಗೇಮ್. "ನಿಂಗೆ ಗೊತ್ತಿರುತ್ತೆ, ನೀನೇ ನೋಡಿ ತಗೋ" ಎಂದಳು.

ಪ್ರೊಸೆಸರ್ ರೈಜೆನ್ 5 5600ಜಿ ಎಂದು ಮೊದಲೇ ತೀರ್ಮಾನಿಸಿದ್ದೆ. ಗ್ರಾಫಿಕ್ಸ್ ಅದರೊಳಗೇ ಇರುವುದರಿಂದ ಬೇರೆ ಕಾರ್ಡಿನ ಖರ್ಚು ಇರಲಿಲ್ಲ. ರ‍್ಯಾಮ್ ವಿಷಯದಲ್ಲಿ ಮಾತ್ರ ನನ್ನ ತಲೆಯಲ್ಲಿ ಒಂದೇ ಅಂಕಿ ಕುಳಿತಿತ್ತು: 3600.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ವಯಸ್ಸಾದ ಚಾಚಾ ಒಬ್ಬರು ಕುಳಿತಿದ್ದರು. "ಯಾವ ಕೆಲಸಕ್ಕಪ್ಪ?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ 3200ರದ್ದು, 8 ಜಿಬಿ ಎರಡು ತಗೋ" ಎಂದರು. ನನಗೆ ಅದು ಹಳೆಯ ಸರಕು ಖಾಲಿ ಮಾಡುವ ಮಾತಿನಂತೆ ಕೇಳಿಸಿತು. 3600ರ ಜೋಡಿಗೆ ಹಣ ಸಾಲುತ್ತಿರಲಿಲ್ಲ. 16 ಜಿಬಿಯ ಒಂದೇ ಕಡ್ಡಿ ತೆಗೆದುಕೊಂಡು ಬಂದೆ.

ಮನೆಯಲ್ಲಿ ಜೋಡಿಸಿ, ವಿಂಡೋಸ್ ಹಾಕಿ ನೋಡಿದರೆ ಟಾಸ್ಕ್ ಮ್ಯಾನೇಜರ್ ತೋರಿಸಿದ ವೇಗ 2666! ಮೋಸ ಹೋದೆ ಎಂದುಕೊಂಡು ಚಾಚಾಗೆ ಫೋನ್ ಮಾಡಿದೆ. ಅವರು ನಕ್ಕು, "ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡು" ಎಂದರು. ಡಬ್ಬಿಯ ಮೇಲೆ ಬರೆದಿರುವ ವೇಗ ತಾನಾಗಿಯೇ ಬರುವುದಿಲ್ಲ. ನಾವು ಆನ್ ಮಾಡುವವರೆಗೆ ರ‍್ಯಾಮ್ ಸಾಮಾನ್ಯ ವೇಗದಲ್ಲೇ ಓಡುತ್ತದೆ. ಆನ್ ಮಾಡಿದೆ, 3600 ಬಂತು. ಆದರೆ ಗೇಮ್ ಮಾತ್ರ ತಡವರಿಸುತ್ತಲೇ ಇತ್ತು.

ಆ ರಾತ್ರಿ ಲೆಕ್ಕಕ್ಕೆ ಕುಳಿತೆ. 3600 ಎಂದರೆ ಸೆಕೆಂಡಿಗೆ 360 ಕೋಟಿ ವರ್ಗಾವಣೆ, ಪ್ರತಿ ಬಾರಿ 8 ಬೈಟ್. ಒಂದು ಕಡ್ಡಿಗೆ 28.8 ಜಿಬಿ. 3200ರ ಒಂದು ಕಡ್ಡಿಗೆ 25.6 ಜಿಬಿ, ಆದರೆ ಎರಡು ಕಡ್ಡಿ ಹಾಕಿದರೆ ಎರಡು ದಾರಿ ತೆರೆದು 51.2 ಜಿಬಿ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಇದನ್ನೇ ಹಂಚಿಕೊಳ್ಳಬೇಕು. ನಾನು ಅದಕ್ಕೆ ಅರ್ಧ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ. ಕಾಯುವ ಸಮಯದಲ್ಲೂ ಲಾಭವಿರಲಿಲ್ಲ. ನನ್ನ 3600ರ ಸಿಎಲ್ 18, ಗಡಿಯಾರ 1800 ಮೆಗಾಹರ್ಟ್ಸ್. 18 ಸುತ್ತಿಗೆ 10 ನ್ಯಾನೊಸೆಕೆಂಡ್. ಚಾಚಾ ತೋರಿಸಿದ 3200ರ ಸಿಎಲ್ 16, ಗಡಿಯಾರ 1600. ಅದಕ್ಕೂ ಅಷ್ಟೇ 10.

ಲೆಕ್ಕ ಸುಲಭವಿತ್ತು. ಆಪಾಗೆ ಹೇಳುವುದು ಕಷ್ಟವಾಗಿತ್ತು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೇಳಿದಾಗ ಅವಳು ಬೈಯಲಿಲ್ಲ. "ತಪ್ಪು ತಗೊಂಡಿದ್ದಕ್ಕಲ್ಲ, ಎರಡು ದಿನ ಮುಚ್ಚಿಟ್ಟಿದ್ದಕ್ಕೆ ಬೇಜಾರು" ಎಂದಳು. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಬಿಲ್ ಮತ್ತು ಡಬ್ಬಿ ಹಿಡಿದು ಮತ್ತೆ ಹೋದೆ. ರೈಲಿನ ಖರ್ಚು ನನ್ನ ಈದಿಯ ಹಣದ್ದು. ಚಾಚಾ ಏನೂ ಕೊಂಕು ಆಡದೆ ಬದಲಾಯಿಸಿಕೊಟ್ಟರು, ಮಿಕ್ಕ ಹಣವನ್ನೂ ಎಣಿಸಿ ಕೈಗಿಟ್ಟರು. ಮನೆಗೆ ಬಂದು ಎರಡೂ ಸ್ಲಾಟ್ ತುಂಬಿಸಿದೆ. ಅದೇ ಗೇಮ್ ಈಗ ಸರಾಗವಾಗಿ ಓಡಿತು. ಆಪಾಳ ಟ್ಯಾಲಿಗೆ ಮಾತ್ರ ಎರಡರಲ್ಲೂ ಯಾವ ವ್ಯತ್ಯಾಸವೂ ಕಾಣಲಿಲ್ಲ!

ಕಂಪ್ಯೂಟರ್ ಜೋಡಿಸಲು ಹೊರಟ ಗೆಳೆಯರಿಗೆ ಒಂದು ಮಾತು: ನಾಲ್ಕು ಸ್ಲಾಟ್ ಇದ್ದರೆ ಎರಡು ಕಡ್ಡಿಗಳನ್ನು ಎಲ್ಲಿ ಹಾಕಬೇಕೆಂದು ಮದರ್‌ಬೋರ್ಡಿನ ಕೈಪಿಡಿ ನೋಡಿ, ಹೆಚ್ಚಾಗಿ ಎರಡನೆಯದು ಮತ್ತು ನಾಲ್ಕನೆಯದು. ಎಕ್ಸ್‌ಎಂಪಿ ಮರೆಯಬೇಡಿ.

ಮೊನ್ನೆ ಸಹಪಾಠಿಯೊಬ್ಬ, "ಎಷ್ಟು ಸ್ಪೀಡಿನ ರ‍್ಯಾಮ್ ತಗೊಳ್ಳಲಿ?" ಎಂದು ಕೇಳಿದ. ನನ್ನ ಬಾಯಿಂದ ಬಂದದ್ದು ಚಾಚಾರ ಮಾತೇ: "ಯಾವ ಕೆಲಸಕ್ಕೆ?"