ಆಟಕ್ಕ ಬೇಕಾಗ್ಯಾದ

ರಾತ್ರಿ ಹತ್ತಕ್ಕೆ ನಾವು ನಾಲ್ವರು ಸೇರುತ್ತೇವೆ. ಇಬ್ಬರು ಬೆಂಗಳೂರಲ್ಲಿ, ಒಬ್ಬ ಪುಣೆಯಲ್ಲಿ; ಗೊಬ್ಬೂರಲ್ಲಿ ಉಳಿದವನು ನಾನೊಬ್ಬನೇ. ಊರ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದವರು ಈಗ ಜಿಟಿಎ ಫೈವ್‌ನ ಒಂದೇ ಕಾರಿನಲ್ಲಿ ಕೂತು ಹರಟುತ್ತೇವೆ. ಆಟ ಬರೀ ನೆಪ. ಆದರೆ ಇತ್ತೀಚೆಗೆ ಆಟದ ಪೇಟೆಯೊಳಗೆ ಹೊಕ್ಕೊಡನೆ ನನ್ನ ಪರದೆ ತಡವರಿಸತೊಡಗಿತು. ಅವರು ಮುಂದೆ ಹೋದಾಗ ನಾನು ಯಾವುದೋ ಗೋಡೆಗೆ ಗುದ್ದಿ ನಿಂತಿರುತ್ತಿದ್ದೆ. "ನೀ ಬರೋತನಕ ನಿಂತಿರ್ತೀವಿ, ಬಾ" ಅನ್ನುತ್ತಿದ್ದರು. ನಿಲ್ಲುತ್ತಿದ್ದರು ಕೂಡ. ಅದೇ ಹೆಚ್ಚು ಚುಚ್ಚುತ್ತಿತ್ತು.

ನನ್ನದು 2012ರ ಇಂಟೆಲ್ ಐ5-3470. ನಾಲ್ಕು ಕೋರ್, ನಾಲ್ಕೇ ಥ್ರೆಡ್. ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿಸಿದ್ದು. ತಪ್ಪು ಯಾವುದರದೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಆಟದ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸುವುದು. ಚಿತ್ರ ಬಿಡಿಸುವ ಭಾರ ಗ್ರಾಫಿಕ್ಸ್ ಕಾರ್ಡಿನದು. ಆ ಭಾರ ತಗ್ಗಿಸಿದರೂ ವೇಗ ಏರದಿದ್ದರೆ ಸೋತಿರುವುದು ಪ್ರೊಸೆಸರ್. ಇಳಿಸಿದೆ. ಏರಲಿಲ್ಲ.

ಮುಂದೆ ಎರಡು ದಾರಿ. ಅದೇ ಎಲ್‌ಜಿಎ 1155 ಸಾಕೆಟ್ಟಿಗೆ ಕೂಡುವ ಹಳೆಯ ಐ7-3770: ಕೋರ್ ನಾಲ್ಕೇ, ಥ್ರೆಡ್ ಎಂಟು. ಇಲ್ಲವೇ ಆರು ಕೋರಿನ ರೈಜನ್ 5 5600. ಆಗ ಮದರ್‌ಬೋರ್ಡೂ ಬೇರೆ, ಡಿಡಿಆರ್3 ರ‍್ಯಾಮ್ ತೆಗೆದು ಡಿಡಿಆರ್4 ಹಾಕಬೇಕು. ಮೊದಲನೆಯದು ಅಗ್ಗ, ಆದರೆ ಅದೂ 2012ರದೇ; ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೂ ಜಾಗವಿಲ್ಲ. ಎರಡನೆಯದಕ್ಕೆ ತೊಗರಿ ಮಾರಿದ ದುಡ್ಡಿಗೆ ಕೈ ಹಾಕಬೇಕು.

ಅಪ್ಪನನ್ನು ಕೇಳಿದೆ.

"ಇದಕ್ಕೇನಾಗ್ಯಾದ?"

"ನಿಧಾನ ಆಗ್ಯಾದಪ್ಪಾ."

"ಓದಾಕ ಬರಿಯಾಕ ನಡೀತದಲ್ಲ?"

"ನಡೀತದ. ಆಟಕ್ಕ ಬೇಕಾಗ್ಯಾದ."

ಕಾಲೇಜಿನ ಕೆಲಸಕ್ಕೆ ಅಂದಿದ್ದರೆ ದುಡ್ಡು ಬರುತ್ತಿತ್ತು. ಸುಳ್ಳು ಬಾಯಿಗೆ ಬಂದಿತ್ತು, ಆಡಲಾಗಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಚ್ಚಿ ನೋಡೀಯೇನು? ಪಂಪು ಕೆಟ್ಟರ ನಾ ಮೊದಲು ಬಿಚ್ಚಿ ನೋಡ್ತೀನಿ" ಅಂದರು.

ನೋಡಿರಲಿಲ್ಲ. ಬಿಚ್ಚಿದರೆ ಫ್ಯಾನಿನ ತುಂಬ ತೊಗರಿ ರಾಶಿಯ ಧೂಳು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ಸುಟ್ಟುಹೋಗದಂತೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪಾಪ, ಅದು ಎಷ್ಟು ದಿನದಿಂದ ಹಾಗೆ ಬದುಕಿತ್ತೋ. ಬ್ರಷ್ಷಿನಿಂದ ಧೂಳು ಕೊಡವಿ ಹೊಸ ಪೇಸ್ಟ್ ಹಚ್ಚಿದೆ. 95ರ ಆಸುಪಾಸಿನಲ್ಲಿದ್ದ ಬಿಸಿ 70ಕ್ಕೆ ಇಳಿಯಿತು.

ತಡವರಿಕೆ ಪೂರ್ತಿ ಹೋಗಲಿಲ್ಲ. ನಾಲ್ಕು ಥ್ರೆಡ್ಡು ಧೂಳು ಕೊಡವಿದರೆ ಎಂಟಾಗುವುದಿಲ್ಲ. ಸೆಕೆಂಡಿಗೆ 60 ಫ್ರೇಮಿನ ಆಸೆ ಬಿಟ್ಟು 30ಕ್ಕೆ ಕಟ್ಟಿಹಾಕಿದೆ. ಕಡಿಮೆಯಾದರೂ ಒಂದೇ ಸಮ ಓಡುತ್ತದೆ. ಐ7 ಬೇಡ, ನಾನೇ ದುಡಿದಾಗ ಬೋರ್ಡು ಸಮೇತ ಹೊಸದು ಎಂದು ತೀರ್ಮಾನಿಸಿದೆ.

ಆ ರಾತ್ರಿ ಗೆಳೆಯರಿಗೆ ಹೇಳಿದೆ. ಪುಣೆಯವನು, "ಇರಲಿ ಬಿಡೋ. ದೀಪಾವಳಿಗೆ ಊರಿಗೆ ಬರ್ತೀನಿ, ಕಟ್ಟಿ ಮ್ಯಾಲೇ ಕೂಡೋಣ" ಅಂದ. ಕಾರು ಪೇಟೆ ದಾಟಿತು. ಈ ಸಲ ಯಾರೂ ನನಗಾಗಿ ನಿಲ್ಲಬೇಕಾಗಲಿಲ್ಲ.