ಮಲೆಬೆನ್ನೂರಿನ ಮನೆಯಲ್ಲಿ ಒಂದು ಪುಟ್ಟ ಗಿಟಾರ್

ನೀವು ದಾವಣಗೆರೆಗೆ ಹೋಗಿರಬಹುದು. ಬೆಣ್ಣೆ ದೋಸೆ ತಿಂದು, ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು, ಬಟ್ಟೆ ಅಂಗಡಿಗಳನ್ನು ಸುತ್ತಿ ಮರಳಿರಬಹುದು. ಆದರೆ ಮಲೆಬೆನ್ನೂರಿನಲ್ಲಿ ಇಳಿದವರು ನಿಮ್ಮಲ್ಲಿ ಎಷ್ಟು ಮಂದಿ? ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ಇಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗುತ್ತದೆ. ಕಿಟಕಿಯಿಂದ ನೋಡಿದವರಿಗೆ ಅಕ್ಕಿ ಗಿರಣಿಗಳು, ಭತ್ತದ ಚೀಲ ಹೊತ್ತ ಲಾರಿಗಳು, ಮಸೀದಿಯ ಮಿನಾರು ಕಾಣುತ್ತವೆ. ನನಗೆ ಮಾತ್ರ ಅದು ಖಾಲಾರ ಊರು. ಈ ಸಲ ಅಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ದಾರಿ ಹರಿಹರದಿಂದಲೇ ಆರಂಭವಾಗಲಿ. ತುಂಗಭದ್ರೆಯ ದಡದ ಈ ಊರನ್ನು ಹೆಚ್ಚಿನವರು ಬಲ್ಲುದು ಹರಿಹರೇಶ್ವರ ದೇವಾಲಯದಿಂದ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ಎಂಬ ದಂಡನಾಯಕ ಕಟ್ಟಿಸಿದ್ದು ಅದು. ನಮ್ಮ ಹಿರಿಯರಿಗೆ ಹರಿಹರವೆಂದರೆ ಲೇಥ್ ಯಂತ್ರ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್‌ಗಳು ದೇಶದ ಮೂಲೆಮೂಲೆಗೂ ಹೋದವು. ಆ ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕಗಳೇ ಕಳೆದವು. ಆದರೆ ಅದರ ನೆರಳಲ್ಲಿ ಕೆಲಸ ಕಲಿತವರ ಕೈಚಳಕ ಈಗಲೂ ಸುತ್ತಮುತ್ತಲ ಊರುಗಳಲ್ಲಿ ಉಳಿದಿದೆ. ನಮ್ಮ ಖಾಲು ಅಂಥವರಲ್ಲೊಬ್ಬರು. ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಗಲೆಲ್ಲ ಲೇಥ್ ಮುಂದೆ ನಿಲ್ಲುತ್ತಿದ್ದರು. ರಾತ್ರಿ ಖವ್ವಾಲಿ ಪಾರ್ಟಿಯಲ್ಲಿ ಬೆಂಜೋ ನುಡಿಸುತ್ತಿದ್ದರು.

ಬಸ್ಸು ಹರಿಹರ ಬಿಟ್ಟ ಮೇಲೆ ದಾರಿಯುದ್ದಕ್ಕೂ ಗದ್ದೆಗಳು ಸಿಗುತ್ತವೆ. ಭದ್ರಾ ಜಲಾಶಯದ ಬಲದಂಡೆ ನಾಲೆಯ ನೀರು ಈ ಸೀಮೆಗೆ ಬಂದು ಇದನ್ನು ಭತ್ತದ ನಾಡಾಗಿಸಿತು. ನಾಲೆಯ ಒಂದು ಶಾಖೆಗೆ ಮಲೆಬೆನ್ನೂರಿನ ಹೆಸರೇ ಇದೆ. ಗದ್ದೆಯೆಂದ ಮೇಲೆ ಪಂಪ್‌ಸೆಟ್, ಪಂಪ್‌ಸೆಟ್ ಎಂದ ಮೇಲೆ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಈ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಕತೆಯಲ್ಲಿ ಅದಕ್ಕೂ ಪಾತ್ರವಿದೆ.

ನಾನು ತಲುಪಿದಾಗ ಖಾಲಾರ ಮನೆಯ ನಡುಮನೆಯಲ್ಲಿ ಒಂದು ಸಣ್ಣ ಜಗಳ ನಡೆದಿತ್ತು. ಖಾಲಾರ ಮಗ ಹದಿನಾಲ್ಕು ವರ್ಷ ದುಬೈಯಲ್ಲಿ ದುಡಿದು ಮರಳಿದವನು. ಚಿನ್ನದ ಜೊತೆಗೆ ಮೂರು ಎಲೆಕ್ಟ್ರಿಕ್ ಗಿಟಾರ್‌ಗಳನ್ನೂ ತಂದಿದ್ದ. ಮೂರೂ ಗಿಡ್ಡ ಅಳತೆಯವು, ಮೂರೂ ಹಳೆಯವು. 1960ರ ದಶಕದಲ್ಲಿ ಜಪಾನಿನಲ್ಲಿ ತಯಾರಾಗಿ ಹೊರದೇಶಗಳಿಗೆ ಹೋದಂಥವು. ಕೆಲಸ ಬಿಟ್ಟು ಊರಿಗೆ ಹೊರಟವರಿಂದ, ಹಳೆಯ ಸಾಮಾನಿನ ಅಂಗಡಿಗಳಿಂದ ಒಂದೊಂದಾಗಿ ಕೊಂಡದ್ದು. ಕಳೆದ ವರ್ಷ ಮಗಳ ಶಾಲೆಯ ಫೀಸಿಗೆಂದು ಒಂದನ್ನು ಮಾರಿದ. ಈಗ ಉಳಿದಿರುವುದು ಎರಡು. ಹನ್ನೊಂದು ವರ್ಷದ ಆ ಮಗಳೇ ಈಗ, "ಅಬ್ಬಾ, ಸಣ್ಣದನ್ನು ನನಗೆ ಕೊಡಿ, ಕಲಿಯುತ್ತೇನೆ" ಎಂದು ಹಟ ಹಿಡಿದಿದ್ದಳು.

"ಗಿಡ್ಡ ಅಳತೆ ಎಂದರೇನು?" ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಗಿಟಾರಿನ ತಂತಿ ಎರಡು ಆಧಾರಗಳ ನಡುವೆ ಎಷ್ಟು ಉದ್ದ ಕಂಪಿಸುತ್ತದೆಯೋ ಅದೇ ಅದರ ಸ್ಕೇಲ್. ಅಮೆರಿಕದ ಫೆಂಡರ್ ಕಂಪೆನಿಯ ದೊಡ್ಡ ಗಿಟಾರ್‌ಗಳಲ್ಲಿ ಅದು 25.5 ಇಂಚು. ಅದೇ ಕಂಪೆನಿ 1956ರಲ್ಲಿ ಕಲಿಯುವವರಿಗೆಂದು 22.5 ಇಂಚಿನ ಗಿಟಾರ್‌ಗಳನ್ನು ತಂದಿತು. ಮೂರೇ ಇಂಚಿನ ವ್ಯತ್ಯಾಸ. ಆದರೆ ಅದೇ ತಂತಿಯನ್ನು ಅದೇ ಸ್ವರಕ್ಕೆ ಬಿಗಿದರೆ ಗಿಡ್ಡ ಗಿಟಾರಿನಲ್ಲಿ ಬಿಗಿತ ಸುಮಾರು ಶೇಕಡಾ 22ರಷ್ಟು ಕಡಿಮೆ. ಮೊದಲ ಮನೆಯ ಅಗಲವೂ 36 ಮಿಲಿಮೀಟರ್ ಇದ್ದದ್ದು 32ಕ್ಕೆ ಇಳಿಯುತ್ತದೆ. ನಾಲ್ಕು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಚಪ್ಪಲಿ ಅಷ್ಟೇ ಬಿಗಿಯಾದರೆ ನಡೆಯಲಾಗುವುದೇ?

ಗಿಡ್ಡ ಗಿಟಾರ್ ಎಂದರೆ ಮಕ್ಕಳ ಆಟಿಕೆ ಎಂದೂ ತಿಳಿಯಬೇಡಿ. ಬೀಟಲ್ಸ್ ತಂಡದ ಜಾನ್ ಲೆನನ್ 1960ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೊಂಡ ರಿಕನ್‌ಬ್ಯಾಕರ್ ಗಿಟಾರಿನ ಅಳತೆ 21 ಇಂಚನ್ನೂ ಮುಟ್ಟುತ್ತಿರಲಿಲ್ಲ.

ಖಾಲಾರ ಮಗ ಗಿಡ್ಡದ್ದನ್ನೇ ಹುಡುಕಿದ ಕಾರಣ ಬೇರೆ. "ಒಂದೇ ಕೋಣೆಯಲ್ಲಿ ಎಂಟು ಜನ, ಮೇಲೊಂದು ಕೆಳಗೊಂದು ಮಂಚ. ಉದ್ದ ಗಿಟಾರ್ ಹಿಡಿದು ಕೂರಲು ಜಾಗವೆಲ್ಲಿ? ವೈರ್ ಸಿಕ್ಕಿಸದಿದ್ದರೆ ಇದರ ಸದ್ದು ಪಕ್ಕದ ಮಂಚಕ್ಕೂ ಕೇಳದು" ಎಂದ. ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಟೊಳ್ಳು ಹೊಟ್ಟೆಯಿಲ್ಲ, ಗಟ್ಟಿ ಮರದ ಹಲಗೆ ಅಷ್ಟೆ. ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪೆಟ್ಟಿಗೆಯಿದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಆ ಸುತ್ತುಗಳಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡುತ್ತದೆ.

ಇನ್ನು ಜಗಳಕ್ಕೆ ಬರೋಣ. ಆ ಸಣ್ಣ ಗಿಟಾರ್ ಹಾಗೆಯೇ ಕಲಿಯಲು ಬರುವಂಥದ್ದಾಗಿರಲಿಲ್ಲ. ಪಿಕಪ್ ಸತ್ತಿತ್ತು. ತಂತಿ ಬಿಗಿಯುವ ಕಿವಿಗಳು ತುಕ್ಕು ಹಿಡಿದಿದ್ದವು. ತಂತಿಗಳು ಹಲಗೆಯಿಂದ ಬಹಳ ಮೇಲಿದ್ದುದರಿಂದ ಒತ್ತಿದರೆ ಬೆರಳು ನೋಯುತ್ತಿತ್ತು. ಸರಿಪಡಿಸಬೇಕಾದರೆ ಬಿಚ್ಚಬೇಕು, ಬದಲಿಸಬೇಕು. ಆದರೆ ಹಳೆಯ ಗಿಟಾರ್ ಸಂಗ್ರಹಿಸುವವರ ಲೋಕದಲ್ಲಿ ಒಂದು ಮಾತಿದೆ: ಮೂಲ ಭಾಗ ಬದಲಿಸಿದರೆ ಬೆಲೆ ಬೀಳುತ್ತದೆ.

ಭಾಭಿ ಹಿಡಿದದ್ದು ಅದನ್ನೇ. "ಒಂದನ್ನು ಮಾರಿದ್ದಕ್ಕೆ ಮಗಳ ಫೀಸು ಕಟ್ಟಿದೆವು. ನಾಳೆ ಇವಳ ಹೈಸ್ಕೂಲು, ಕಾಲೇಜು ಇದೆ. ನನ್ನ ಬಳೆಗಳನ್ನು ಕರಗಿಸಿ ಆಟವಾಡಲು ಕೊಡುತ್ತೇನೆಯೇ? ಇದೂ ಹಾಗೆಯೇ, ಇದ್ದ ಹಾಗೆ ಇರಲಿ" ಎಂದರು. ಅವರ ಮಾತನ್ನು ಜಿಪುಣತನವೆಂದು ತಳ್ಳಿಹಾಕಬೇಡಿ. ಗಂಡನ ಸಂಬಳ ನಿಂತ ಮನೆಯ ಲೆಕ್ಕ ಯಾರ ತಲೆಯಲ್ಲಿರುತ್ತದೆ ಎಂಬುದು ನಿಮಗೂ ಗೊತ್ತು.

ಆಗ ಖಾಲಾ ಏನೂ ಹೇಳದೆ ಎದ್ದು, ಮೊಮ್ಮಗಳನ್ನು ಕರೆದು ಅಟ್ಟದ ಮೇಲಿಂದ ಒಂದು ಗಂಟು ಇಳಿಸಿದರು. ಹಳೆಯ ಚಾದರದಲ್ಲಿ ಸುತ್ತಿದ್ದ ಖಾಲುರ ಬೆಂಜೋ.

ಬೆಂಜೋ ಎಂದು ನಮ್ಮವರು ಕರೆಯುವ ಈ ಬುಲ್‌ಬುಲ್ ತರಂಗ್‌ನ ಮೂಲ ನಿಮಗೆ ಗೊತ್ತೇ? ಅದೂ ಜಪಾನಿನದೇ. 1912ರಲ್ಲಿ ನಗೋಯಾ ಪಟ್ಟಣದ ಮೊರಿತಾ ಗೊರೋ ಎಂಬವರು ಉದ್ದ ಪೆಟ್ಟಿಗೆಯ ಮೇಲೆ ತಂತಿ ಕಟ್ಟಿ, ಟೈಪ್‌ರೈಟರಿನಂಥ ಕೀಲಿಗಳನ್ನು ಜೋಡಿಸಿ, ತೈಶೊಗೊತೊ ಎಂಬ ವಾದ್ಯವನ್ನು ರೂಪಿಸಿದರು. ಎಡಗೈಯಿಂದ ಕೀಲಿ ಒತ್ತಿ ಬಲಗೈಯಿಂದ ತಂತಿ ಮೀಟಿದರಾಯಿತು. ಗುರುಗಳಿಲ್ಲದೆಯೂ ಕಲಿಯಬಹುದಾದ್ದರಿಂದ ಅದು ಸಮುದ್ರ ದಾಟಿ ಹೋಯಿತು. ನಮ್ಮಲ್ಲಿ ಬುಲ್‌ಬುಲ್ ತರಂಗ್ ಆಯಿತು, ಬಲೂಚಿಸ್ತಾನದಲ್ಲಿ ಬೆಂಜು ಆಯಿತು. ಪೂರ್ವ ಆಫ್ರಿಕದ ಕರಾವಳಿಯ ಮುಸ್ಲಿಮರ ತಾರಬ್ ಸಂಗೀತಕ್ಕೂ ಸೇರಿತು. ಕೀನ್ಯಾದ ಪ್ರಸಿದ್ಧ ಗಾಯಕಿ ಜುಹೂರಾ ಸ್ವಾಲೆಹ್ ಅವರ ಹಾಡುಗಳಲ್ಲಿ ಇದರ ದನಿಯಿದೆ. ಬಲೂಚಿಸ್ತಾನದ ನೂರ್ ಬಖ್ಷ್ ಅವರು ತಮ್ಮ ಎಲೆಕ್ಟ್ರಿಕ್ ಬೆಂಜುವಿನ ಮೊದಲ ಆಲ್ಬಮ್ ಹೊರತಂದದ್ದು 2022ರಲ್ಲಿ, ವಯಸ್ಸಾದ ಮೇಲೆ.

ಖಾಲಾರ ಮಡಿಲಲ್ಲಿದ್ದ ಬೆಂಜೋ ಕೂಡ ಎಲೆಕ್ಟ್ರಿಕ್. ಅದರ ಮೇಲ್ಹಲಗೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ತೂತು. "ಇದನ್ನು ಕೊಳ್ಳಲು ನನ್ನ ಬೆಳ್ಳಿ ಕಾಲ್ಗೆಜ್ಜೆ ಕೊಟ್ಟಿದ್ದೆ. ತಂದ ಎರಡನೇ ವರ್ಷ ಅವರು ತೂತು ಕೊರೆದರು. ಆ ದಿನ ನಾನು ಅಡುಗೆಯನ್ನೇ ಮಾಡಲಿಲ್ಲ" ಎಂದರು ಖಾಲಾ.

ಖಾಲು ಕೊರೆದದ್ದು ಸುಮ್ಮನೆ ಅಲ್ಲ. ಉರುಸಿನ ರಾತ್ರಿ ಹಾರ್ಮೋನಿಯಂ, ಢೋಲಕ್, ಹತ್ತು ಜನರ ಚಪ್ಪಾಳೆಯ ನಡುವೆ ಬೆಂಜೋದ ಸಣ್ಣ ದನಿ ಮುಂದಿನ ಸಾಲಿಗೂ ಕೇಳುತ್ತಿರಲಿಲ್ಲ. ಅದಕ್ಕೇ ಪಿಕಪ್ ಕೂರಿಸಲು ಹೊರಟರು. ಮೋಟಾರ್ ವೈಂಡಿಂಗ್ ಅಂಗಡಿಯ ಗೆಳೆಯ ಸುತ್ತಿಕೊಡಲು ಒಪ್ಪಿದ. ಆದರೆ ಪಂಪ್‌ಸೆಟ್ಟಿನ ತಂತಿ ಇದಕ್ಕೆ ಬಹಳ ದಪ್ಪ. ಕೊನೆಗೆ ಹಳೆಯ ರಿಲೇಗಳ ಕಾಯಿಲ್ ಬಿಚ್ಚಿ ತೆಳು ತಂತಿ ತೆಗೆದರು. ಸುತ್ತುವಾಗ ಅದೆಷ್ಟು ಸಲ ಹರಿಯಿತೋ. ಸ್ಪೀಕರಿಗೆ ಜೋಡಿಸಿದ ಮೇಲೆ ಇನ್ನೊಂದು ತೊಡಕು: ಪಕ್ಕದ ಹಿತ್ತಾಳೆ ತಂತಿಗಳು ಸದ್ದೇ ಮಾಡಲಿಲ್ಲ. ಅಯಸ್ಕಾಂತ ಹಿತ್ತಾಳೆಯನ್ನು ಗುರುತಿಸದಲ್ಲ! ಅವನ್ನು ತೆಗೆದು ಉಕ್ಕಿನ ತಂತಿ ಹಾಕಿದರು. ಲೇಥ್ ಮೇಲೆ ತಾವೇ ಕಡೆದ ಪುಟ್ಟ ವಾಲ್ಯೂಮ್ ಗುಂಡಿ ಈಗಲೂ ಅದರ ಮೇಲಿದೆ.

"ಆಮೇಲೆ ಹರಿಹರದಲ್ಲಿ ಕೆಲಸ ಕಡಿಮೆಯಾಯಿತು. ವರ್ಕ್‌ಶಾಪಿನಲ್ಲಿ ತಿಂಗಳಿಗೆ ಹದಿನೈದು ದಿನವೂ ಕೆಲಸವಿರಲಿಲ್ಲ. ಆ ಮೂರು ವರ್ಷ ಒಲೆ ಉರಿದದ್ದು ಈ ತೂತಿನಿಂದ" ಎಂದು ಖಾಲಾ ಸೊಸೆಯ ಮುಖ ನೋಡಿದರು. "ಬೇಟಿ, ಗುಜರಿಯವನು ಇದಕ್ಕೆ ಐವತ್ತು ರೂಪಾಯಿಯನ್ನೂ ಕೊಡುವುದಿಲ್ಲ. ನನ್ನ ಕಾಲ್ಗೆಜ್ಜೆ ಹೋಯಿತೆಂದು ಅಂದು ನಾನು ಅತ್ತದ್ದೂ ಸುಳ್ಳಲ್ಲ. ಎರಡೂ ನಿಜವೇ."

ಯಾರೂ ಕೂಡಲೇ ಮಾತಾಡಲಿಲ್ಲ. ಅಕ್ಕಿ ಗಿರಣಿಯ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ದಾರಿ ತೋರಿದ್ದು ಭಾಭಿಯೇ. "ಮರ ಕೊರೆಯದೆ ರಿಪೇರಿ ಮಾಡಲು ಬರುವುದಿಲ್ಲವೇ?" ಎಂದು ಕೇಳಿದರು.

ಬರುತ್ತದೆ! ತಿಳಿದ ಸಂಗ್ರಾಹಕರು ಮಾಡುವುದೂ ಅದನ್ನೇ. ನಾನಿದ್ದ ಮೂರು ದಿನಗಳಲ್ಲಿ ಅಪ್ಪ-ಮಗಳು ಕೂಡಿ ಕೆಲಸ ಆರಂಭಿಸಿದರು. ಹಳೆಯ ಸ್ಕ್ರೂ ತೂತುಗಳಿಗೇ ಸರಿಹೊಂದುವ ಬೇರೆ ಪಿಕಪ್, ಬೇರೆ ಕಿವಿಗಳು. ತಂತಿಗಳನ್ನು ಎತ್ತಿ ಹಿಡಿಯುವ ಮೇಲ್ತುದಿಯ ಪಟ್ಟಿಯನ್ನು ಅರದಿಂದ ಉಜ್ಜುವ ಬದಲು, ಅದನ್ನು ತೆಗೆದಿಟ್ಟು ಹೊಸದೊಂದನ್ನು ಕಡೆದು ಕೂರಿಸಿದರು. ಗಿಡ್ಡ ಗಿಟಾರಿನಲ್ಲಿ ಬಿಗಿತ ಕಡಿಮೆಯಾದ್ದರಿಂದ ತೀರಾ ತೆಳು ತಂತಿ ಹಾಕಿದರೆ ಗರಗರ ಎನ್ನುತ್ತದೆ. ಅದಕ್ಕೆ ಒಂದಷ್ಟು ದಪ್ಪನೆಯ ತಂತಿ. ಬಿಚ್ಚಿದ ಮೂಲ ಭಾಗಗಳೆಲ್ಲ ಬಿಸ್ಕತ್ತಿನ ಡಬ್ಬಿ ಸೇರಿದವು. ಯಾವುದು ಎಲ್ಲಿಯದೆಂದು ಚೀಟಿ ಬರೆದು ಅಂಟಿಸಿದವರು ಭಾಭಿ. ನಾಳೆ ಮಾರಬೇಕಾಗಿ ಬಂದರೆ ಎಲ್ಲವನ್ನೂ ಮರಳಿ ಜೋಡಿಸಬಹುದು. ಡಬ್ಬಿ ಈಗ ಅವರ ಬೀರುವಿನಲ್ಲಿದೆ, ಬಳೆಗಳ ಪಕ್ಕದಲ್ಲಿ.

ನಿಮ್ಮ ಮನೆಯಲ್ಲಿ ದೊಡ್ಡ ಗಿಟಾರ್ ಇದ್ದು ಮಗುವಿನ ಕೈಗೆ ಎಟುಕದಿದ್ದರೆ ಒಂದು ಸುಲಭ ಉಪಾಯ ಹೇಳುತ್ತೇನೆ. ಕ್ಯಾಪೋ ಎಂಬ ಕ್ಲಿಪ್ಪನ್ನು ಎರಡನೇ ಮನೆಗೆ ಹಾಕಿ. 25.5 ಇಂಚಿನ ಗಿಟಾರ್ 22.7 ಇಂಚಿನದಾಗುತ್ತದೆ. ಆಮೇಲೆ ತಂತಿಗಳನ್ನು ಅಷ್ಟೇ ಸಡಿಲಿಸಿ ಎಂದಿನ ಸ್ವರಕ್ಕೆ ತನ್ನಿ. ಹೊಸದನ್ನು ಕೊಳ್ಳುವ ಮೊದಲು ಮಗುವಿಗೆ ನಿಜವಾಗಿ ಆಸಕ್ತಿ ಇದೆಯೇ ಎಂಬುದೂ ಇದರಿಂದ ತಿಳಿಯುತ್ತದೆ.

"ಮುಸ್ಲಿಮ್ ಮನೆಯಲ್ಲಿ ಗಿಟಾರೇ?" ಎಂದು ಹುಬ್ಬೇರಿಸುವವರೂ ನಿಮ್ಮಲ್ಲಿರಬಹುದು. ವಾದ್ಯಗಳ ವಿಷಯದಲ್ಲಿ ವಿದ್ವಾಂಸರ ನಡುವೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆ ಮನೆಯಲ್ಲೂ ಈ ಪ್ರಶ್ನೆ ಎದ್ದಿತ್ತು. ಖಾಲಾ ಮೊಮ್ಮಗಳಿಗೆ ಕೆಲವು ನಿಯಮ ಹಾಕಿದ್ದಾರೆ: ಪಾಠ ಮತ್ತು ಕುರ್‌ಆನ್ ಓದು ಮುಗಿದ ಮೇಲೆ, ದಿನಕ್ಕೆ ಅರ್ಧ ಗಂಟೆ, ಕೆಟ್ಟ ಮಾತಿನ ಹಾಡು ಬೇಡ, ಅಜಾನ್ ಕೇಳಿದೊಡನೆ ಕೈ ನಿಲ್ಲಬೇಕು. ಒಪ್ಪುವುದು, ಬಿಡುವುದು ನಿಮ್ಮ ನಿಮ್ಮ ಮನೆಯ ವಿಚಾರ. ಮಗಳು ಕೇಳಿದ್ದನ್ನು ಆ ಮನೆಯವರು ನಗೆಯಲ್ಲಿ ತೇಲಿಸದೆ ಕೂತು ಮಾತಾಡಿದರು ಎಂಬುದಷ್ಟೇ ನನ್ನ ಮನಸ್ಸಿಗೆ ಹಿಡಿಸಿದ್ದು.

ಹೊರಡುವ ದಿನ ಸಂಜೆ ಹುಡುಗಿ ಗಿಟಾರ್ ಹಿಡಿದು ಕಿಟಕಿ ಬಳಿ ಕೂತಿದ್ದಳು. ವೈರ್ ಸಿಕ್ಕಿಸಿರಲಿಲ್ಲ. ಮೂರೇ ಮೂರು ಸ್ವರಗಳನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಬೆರಳ ತುದಿ ಕೆಂಪಾಗಿತ್ತು. "ನೋಯುತ್ತಿದೆಯೇ?" ಎಂದರೆ, "ಸ್ವಲ್ಪ, ಆದರೆ ಕೈ ಎಟುಕುತ್ತಿದೆ" ಎಂದಳು. ಅಷ್ಟರಲ್ಲಿ ಮಗ್ರಿಬ್ ಅಜಾನ್ ಆಯಿತು. ಅವಳು ಗಿಟಾರನ್ನು ಗೋಡೆಗೊರಗಿಸಿ ಎದ್ದಳು.

ಖಾಲಾ ಬೆಂಜೋವನ್ನು ಮತ್ತೆ ಅಟ್ಟಕ್ಕೆ ಏರಿಸಿರಲಿಲ್ಲ. ಹರಿಹರಕ್ಕೆ ಹೋದಾಗ ತಂತಿ ತರಬೇಕೆಂದು ಮಗನಿಗೆ ಹೇಳುತ್ತಿದ್ದರು. ನೀವು ಎಂದಾದರೂ ಆ ದಾರಿಯಲ್ಲಿ ಹೋದರೆ ಮಲೆಬೆನ್ನೂರಿನಲ್ಲಿ ಸ್ವಲ್ಪ ಹೊತ್ತು ಇಳಿಯಿರಿ. ಹಾಗೆಯೇ ಮನೆಗೆ ಮರಳಿದ ಮೇಲೆ ನಿಮ್ಮ ಅಟ್ಟದ ಮೇಲೆ ಏನಿದೆ ಎಂದು ಒಮ್ಮೆ ನೋಡಿ.