ನೊಗ ಎತ್ತಿ ನೋಡಿದಿರಾ?

ಕಳೆದ ಯುಗಾದಿ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ ತನ್ನ ಗೆಳೆಯನಿಗೆ ಹೇಳುತ್ತಿದ್ದ: "ಅಮೆರಿಕಕ್ಕೆ ಹೋದ ಮೇಲೆ ಮೊದಲು ಒಂದು ಪಿಕಪ್ ಟ್ರಕ್ ತಗೋತೀನಿ. ಹಿಂದೆ ಟ್ರೈಲರ್ ಕಟ್ಟಿಕೊಂಡು ಬೆಟ್ಟ ಕಾಡು ಸುತ್ತೋದು. ಆರು ಸಾವಿರ ಪೌಂಡು ಎಳೆಯುತ್ತೆ, ಗೊತ್ತಾ?" ಇದೇ ಮಾತನ್ನು, ಇದೇ ಉತ್ಸಾಹದಲ್ಲಿ, ನನ್ನ ಮಗನ ಬಾಯಲ್ಲೂ ಕೇಳಿದ್ದೆ. ಹೋಳಿಗೆಯ ಸಾಲಿನಲ್ಲಿ ಉಪದೇಶ ಬೇಡವೆಂದು ಸುಮ್ಮನಾದೆ. ಅಂದು ಆ ಹುಡುಗನಿಗೆ ಹೇಳದೆ ಉಳಿಸಿಕೊಂಡದ್ದನ್ನು ಈಗ ನಿಮಗೆಲ್ಲ ಬರೆಯುತ್ತಿದ್ದೇನೆ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಪುಣೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಟ್ರಕ್ಕಿನ ವಿಷಯ ಏನು ಗೊತ್ತು ಎಂದಿರಾ? ಏನೂ ಗೊತ್ತಿರಲಿಲ್ಲ. ಹೆದರಿದ ಮೇಲೆ ಕಲಿತೆ.

2023ರ ಬೇಸಿಗೆಯಲ್ಲಿ ನಾನು ಡೆನ್ವರಿನಲ್ಲಿ ಮಗನ ಮನೆಯಲ್ಲಿದ್ದೆ. ಅವನು ಟೊಯೋಟಾ ಟಕೋಮಾ ಪಿಕಪ್ ಇಟ್ಟುಕೊಂಡಿದ್ದಾನೆ. ನಮ್ಮ ಕಣ್ಣಿಗೆ ಅದು ಸಣ್ಣ ಲಾರಿಯಂತೆ ಕಂಡರೂ ಅಲ್ಲಿ ಅದನ್ನು ಮಧ್ಯಮ ಗಾತ್ರದ್ದು ಎನ್ನುತ್ತಾರೆ. ಅದಕ್ಕಿಂತ ದೊಡ್ಡವು ಬೇಕಾದಷ್ಟಿವೆ. ದಿನಾ ಕಚೇರಿಗೆ ಹೋಗಲು ಅದೇ, ವರ್ಷಕ್ಕೆ ಎರಡು ಮೂರು ಬಾರಿ ಟ್ರೈಲರ್ ಎಳೆಯಲೂ ಅದೇ. ಟ್ರೈಲರನ್ನು ಹಳೆಯದೇ ಕೊಂಡಿದ್ದ. ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ ಪುಟ್ಟ ಮನೆ ಅದು.

ಮೊದಲ ಪ್ರವಾಸ ಡಿಲನ್ ಜಲಾಶಯದ ದಡಕ್ಕೆ. ಡೆನ್ವರಿನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ ಏರುತ್ತಾ ಏರುತ್ತಾ ಹೋದರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಸಮುದ್ರಮಟ್ಟದಿಂದ 11,000 ಅಡಿಗಿಂತ ಎತ್ತರ. ಗಾಡಿ ಏದುಸಿರು ಬಿಡುತ್ತಾ ಹತ್ತಿತು. "ನೋಡಿದೆಯಾ ಅಮ್ಮ, ಹೇಗೆ ಎಳೀತು!" ಎಂದು ಮಗ ಬೀಗಿದ. ಸುರಂಗ ದಾಟಿದ ಮೇಲೆ ಇಳಿಜಾರು. ಬ್ರೇಕ್ ಕೆಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ಜಲ್ಲಿ ಸುರಿದ ದಾರಿಗಳನ್ನು ಮಾಡಿಟ್ಟಿದ್ದಾರೆಂದರೆ ಇಳಿಜಾರು ಎಂಥದೆಂದು ಊಹಿಸಿಕೊಳ್ಳಿ.

ದೊಡ್ಡ ಲಾರಿಯೊಂದು ನಮ್ಮ ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿಗೆ ನಮ್ಮ ಟ್ರೈಲರು ಒಮ್ಮೆ ಎಡಕ್ಕೆ ತೂಗಿತು, ಮತ್ತೆ ಬಲಕ್ಕೆ. ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಮೊಸಳೆ ಬಾಲ ಬೀಸಿದಂತೆ ಒಂದಕ್ಕಿಂತ ಒಂದು ಜೋರು. ಮಗ ಗಾಬರಿಯಿಂದ ಬ್ರೇಕ್ ಒತ್ತಿದ. ಬಾಲ ಇನ್ನೂ ಬಿರುಸಾಯಿತು. ಇಡೀ ಟ್ರಕ್ಕನ್ನು ಹಿಂದಿನಿಂದ ಯಾರೋ ಹಿಡಿದು ಅಲ್ಲಾಡಿಸಿದಂತೆ. ಹಿಂದಿನ ಸೀಟಿನಲ್ಲಿ ನಾನು ಮೊಮ್ಮಗನ ಮೈಮೇಲೆ ಬಾಗಿ ಕೂತೆ. ರಾಘವೇಂದ್ರ ಸ್ವಾಮಿಗಳ ಹೆಸರನ್ನು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಮಗ ಬ್ರೇಕಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು, ಮೊಣಕಾಲಿನ ಹತ್ತಿರವಿದ್ದ ಒಂದು ಪುಟ್ಟ ಪೆಟ್ಟಿಗೆಯ ಸನ್ನೆಯನ್ನು ಅದುಮಿದ. ಹಿಂದಿನಿಂದ ಯಾರೋ ಜಗ್ಗಿ ಹಿಡಿದಂತಾಗಿ ಟ್ರೈಲರು ನೇರವಾಯಿತು. ಇದೆಲ್ಲ ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ.

ಕೆಳಗೆ ಊರು ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿದೆವು. ಸೊಸೆ ಮಾತಾಡಲಿಲ್ಲ. ಮಗನ ಕೈ ನಡುಗುತ್ತಿತ್ತು. "ಆರು ಸಾವಿರದ ನಾನೂರು ಪೌಂಡು ಎಳೆಯುವ ಗಾಡಿ ಅಮ್ಮ. ನಮ್ಮ ಟ್ರೈಲರು ಐದು ಸಾವಿರವೂ ಇಲ್ಲ. ಯಾಕೆ ಹೀಗಾಯ್ತು?" ಎಂದ. ನಾನು ಇಳಿದು ಒಂದು ಸುತ್ತು ಬಂದೆ. ಟ್ರೈಲರಿನ ಹಿಂಬದಿಗೆ ಮೂರು ಸೈಕಲ್ಲು ಕಟ್ಟಿದ್ದರು. ನೀರಿನ ತೊಟ್ಟಿ ಎಲ್ಲಿದೆ ಎಂದು ಕೇಳಿದೆ. ಅದೂ ಹಿಂದೆಯೇ, ಭರ್ತಿ ತುಂಬಿದ್ದು. ಸೌದೆ, ಕುರ್ಚಿ, ನನ್ನ ಅಕ್ಕಿ ಚೀಲ ಎಲ್ಲವೂ ಹಿಂದಿನ ಬಾಗಿಲಿನ ಪಕ್ಕದಲ್ಲೇ. ಬಾಯಿಂದ ತಾನಾಗಿ ಬಂತು: "ಹಿಂಭಾರ ಆಗಿದೆ ಕಣೋ."

ಮಕ್ಕಳೇ, ನಿಮ್ಮಲ್ಲಿ ಬಹುಮಂದಿ ಎತ್ತಿನ ಗಾಡಿ ಹತ್ತಿದವರಲ್ಲ. ನನ್ನ ತವರು ತಿಪಟೂರಿನ ಕಡೆಯ ಹಳ್ಳಿ. ಅಪ್ಪ ಕೊಬ್ಬರಿ ಮೂಟೆ ಹೇರಿಕೊಂಡು ಪೇಟೆಗೆ ಹೊರಡುವ ಮುಂಚೆ, ಎತ್ತು ಕಟ್ಟುವುದಕ್ಕೂ ಮೊದಲು, ನೊಗವನ್ನು ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ತೀರ ಹಗುರವಾಗಿದ್ದರೆ ಹಿಂಭಾರ: ದಾರಿಯಲ್ಲಿ ನೊಗ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ತೀರ ಭಾರವಾಗಿದ್ದರೆ ಮುಂಭಾರ: ಎತ್ತಿನ ಹೆಗಲು ಹುಣ್ಣಾಗುತ್ತದೆ. ಒಂದೆರಡು ಮೂಟೆ ಹಿಂದೆ ಮುಂದೆ ಸರಿಸಿ, ಮತ್ತೆ ಎತ್ತಿ ನೋಡಿ, ಸರಿಯೆನಿಸಿದ ಮೇಲೆಯೇ ಎತ್ತು ಕಟ್ಟುವುದು. ಎತ್ತು ಎಷ್ಟು ಬಲವಾದದ್ದು ಎನ್ನುವುದು ಆಮೇಲಿನ ಮಾತು.

ಟ್ರೈಲರಿನ ಶಾಸ್ತ್ರವೂ ಇದೇ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಮೂತಿಯ ಮೂಲಕ ಟ್ರಕ್ಕಿನ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಬಾಲ ಬೀಸುತ್ತದೆ. ಅಂದು ನೀರು ಖಾಲಿ ಮಾಡಿ, ಸೈಕಲ್ಲುಗಳನ್ನು ಟ್ರಕ್ಕಿಗೆ ಹಾಕಿ, ನಿಧಾನವಾಗಿ ಹೋಗಿ ಬಂದೆವು. ಊರಿಗೆ ಮರಳಿದ ಮೇಲೆ ಅದೇ ಸಾಮಾನನ್ನು ಮೊದಲಿನಂತೆಯೇ ತುಂಬಿ, ಲಾರಿಗಳು ತಂಗುವ ಜಾಗದಲ್ಲಿನ ತೂಕದ ಕಟ್ಟೆಗೆ ಒಯ್ದೆವು. ಹದಿನೈದು ಡಾಲರಿನ ಆಸುಪಾಸಿನ ಖರ್ಚು. ಒಮ್ಮೆ ಟ್ರೈಲರಿನೊಡನೆ, ಒಮ್ಮೆ ಟ್ರಕ್ಕನ್ನೇ ತೂಗಿ ಕಳೆದರೆ ಎಲ್ಲ ಲೆಕ್ಕವೂ ಸಿಗುತ್ತದೆ. ಟ್ರೈಲರು 4,600 ಪೌಂಡು, ಮೂತಿಯ ಭಾರ ಬರೀ 300. ನೂರಕ್ಕೆ ಏಳೂ ಇಲ್ಲ!

"ಹಾಗಾದರೆ ಮುಂದಕ್ಕೆ ಸರಿಸಿದರಾಯಿತು" ಎಂದ ಮಗ. ಆಗ ಎರಡನೆಯ ಪಾಠ ಬಂತು. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಸೇರಿ ಆ ಟ್ರಕ್ಕು ಎಷ್ಟು ಹೊರಬಹುದೆಂದು ಅದರಲ್ಲಿದೆ. ಮಗನ ಗಾಡಿಯ ಚೀಟಿಯಲ್ಲಿ 1,050 ಪೌಂಡು, ಅಂದರೆ 476 ಕಿಲೋ. ನಾವು ನಾಲ್ವರೇ, ಮಗುವಿನ ಕುರ್ಚಿಯೂ ಸೇರಿ, 500 ಪೌಂಡು. 4,600ಕ್ಕೆ ನೂರಕ್ಕೆ 12ರಂತೆ ಮೂತಿಯ ಭಾರ 550. ಅಲ್ಲಿಗೇ ಮಿತಿ ಮುಗಿಯಿತು. ಜೋಡಿಸುವ ಕಬ್ಬಿಣ, ಟ್ರಕ್ಕಿನ ಹಿಂದೆ ಹಾಕಿದ ಸೈಕಲ್ಲು ಎಲ್ಲ ಮೇಲಾದ ಭಾರ. ಜಾಹೀರಾತಿನ ದೊಡ್ಡ ಅಂಕಿ ಎಳೆಯುವುದನ್ನು ಹೇಳುತ್ತದೆ. ಹೊರುವುದನ್ನು ಹೇಳುವುದು ಈ ಚೀಟಿ. ಮಧ್ಯಮ ಗಾತ್ರದ ಟ್ರಕ್ಕಿನಲ್ಲಿ ಬಹುತೇಕ ಮೊದಲು ಮುಗಿಯುವುದು ಹೊರುವ ಶಕ್ತಿಯೇ.

ಆದ್ದರಿಂದ ಸಾಮಾನು ಇಳಿಸಿದೆವು. ನೀರು ಅಲ್ಲಿಯೇ ತುಂಬಿಸಿಕೊಳ್ಳಬಹುದು, ಸೌದೆ ಅಲ್ಲಿಯೇ ಕೊಳ್ಳಬಹುದು, ಸೈಕಲ್ಲು ಮನೆಯಲ್ಲಿರಲಿ. ಮೂವತ್ತು ಗ್ಯಾಲನ್ ನೀರೆಂದರೇ 250 ಪೌಂಡು. ಟ್ರೈಲರು 4,000ಕ್ಕೆ ಇಳಿಯಿತು, ಮೂತಿಯ ಭಾರ 480 ಆಯಿತು. ಜನ, ಕಬ್ಬಿಣ ಎಲ್ಲ ಸೇರಿ 1,030. ಅಷ್ಟಕ್ಕೂ ಮಿತಿಯೊಳಗೆ ಉಳಿದದ್ದು ಇಪ್ಪತ್ತೇ ಪೌಂಡು. ನನ್ನ ಅಕ್ಕಿ ಚೀಲವೂ ಮನೆಯಲ್ಲೇ ಉಳಿಯಿತು!

ಇನ್ನು ಗಾಡಿಗೆ ಏನೇನು ಬೇಕು ಎಂಬುದು. ಕಾರ್ಖಾನೆಯಿಂದಲೇ ಟ್ರೈಲರ್ ಎಳೆಯುವ ಸಜ್ಜಿನೊಡನೆ ಬಂದ ಗಾಡಿ ಸಿಕ್ಕರೆ ಅದನ್ನೇ ಆರಿಸಿ. ಹಿಂಬದಿಯಲ್ಲಿ ಎರಡು ಇಂಚಿನ ಚೌಕದ ರಿಸೀವರು, ಅದಕ್ಕೆ ತೂರಿಸುವ ತೋಳು, ತೋಳಿನ ಮೇಲೆ ಗುಂಡು. ಗುಂಡಿನ ಅಳತೆಯೂ ಟ್ರೈಲರಿನ ಬಾಯಿಯ ಅಳತೆಯೂ ಒಂದೇ ಇರಬೇಕು. ಎರಡರ ಮೇಲೂ ಬರೆದಿರುತ್ತದೆ. ಕಟ್ಟಿದ ಮೇಲೆ ಟ್ರೈಲರು ನೆಲಕ್ಕೆ ಸಮನಾಗಿ ನಿಲ್ಲುವಷ್ಟು ಎತ್ತರದ ತೋಳು ಬೇಕು. ಟ್ರಕ್ಕಿನ ಹಿಂಭಾಗ ಕುಸಿದರೆ ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೆಂದೇ ಭಾರವನ್ನು ಮುಂದಕ್ಕೆ ಹಂಚುವ ಸ್ಪ್ರಿಂಗ್ ಸರಳುಗಳ ಜೋಡಣೆಯೂ ಇದೆ. ಅದು ಯಾವಾಗ ಬೇಕು, ಬೇಡ ಎಂಬುದನ್ನು ಗಾಡಿಯ ಕೈಪಿಡಿಯಲ್ಲೇ ನೋಡಿಕೊಳ್ಳಿ. ಆದರೆ ಅದು ಟ್ರಕ್ಕಿನ ಮಿತಿಯನ್ನು ಹೆಚ್ಚಿಸುವುದಿಲ್ಲ.

ನಾಲ್ಕು ತಂತಿಯ ಪ್ಲಗ್ಗು ದೀಪಕ್ಕೆ ಮಾತ್ರ. ಟ್ರೈಲರಿನ ಬ್ರೇಕಿಗೆ ಏಳು ತಂತಿಯದು ಬೇಕು, ಜೊತೆಗೆ ಬ್ರೇಕ್ ಕಂಟ್ರೋಲರ್ ಬೇಕು. ಅಂದು ನಮ್ಮನ್ನು ಉಳಿಸಿದ ಮೊಣಕಾಲ ಬಳಿಯ ಪೆಟ್ಟಿಗೆ ಅದೇ. ಅದರ ಸನ್ನೆ ಅದುಮಿದರೆ ಟ್ರೈಲರಿನ ಬ್ರೇಕು ಮಾತ್ರ ಹಿಡಿಯುತ್ತದೆ. ಹೊರಡುವ ಮುನ್ನ ಖಾಲಿ ಮೈದಾನದಲ್ಲಿ ಅದರ ಬಲವನ್ನು ಹೊಂದಿಸಿಕೊಳ್ಳಿ. ಸುರಕ್ಷೆಯ ಸರಪಳಿ ಎರಡನ್ನೂ ಮೂತಿಯ ಕೆಳಗೆ ಅಡ್ಡಡ್ಡ ಹಾಕಿ. ಕೊಂಡಿ ಕಳಚಿದರೆ ಮೂತಿ ನೆಲಕ್ಕೆ ಬೀಳದೆ ತೊಟ್ಟಿಲಿನಂತೆ ಹಿಡಿದುಕೊಳ್ಳುತ್ತವೆ. ಟೈರಿನ ಗಾಳಿಯನ್ನು ಓಡಿಸುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡಬೇಕು. ಇಳಿಜಾರಿನಲ್ಲಿ ಮೊದಲೇ ವೇಗ ತಗ್ಗಿಸಿ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಿರಿ. ಬಾಲ ಬೀಸಿದರೆ ಟ್ರಕ್ಕಿನ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲೂ ಹೋಗಬೇಡಿ. ಸ್ಟಿಯರಿಂಗ್ ನೇರ, ಕಾಲು ತೆಗೆಯುವುದು, ಕೈಯಲ್ಲಿ ಸನ್ನೆ.

ದಿನಾ ಎಳೆಯುವವನಿಗೆ ಇದೆಲ್ಲ ಕೈಗೆ ರೂಢಿಯಾಗಿರುತ್ತದೆ. ಅಪಾಯ ಇರುವುದು ವರ್ಷಕ್ಕೆ ಎರಡು ಬಾರಿ ಎಳೆಯುವವನಿಗೆ. ಎರಡು ಬಾರಿಗೆ ಇಷ್ಟೆಲ್ಲ ಏಕೆ ಎನಿಸುತ್ತದೆ. ಹೋದ ಸಲ ಮಾಡಿದ್ದೂ ಮರೆತಿರುತ್ತದೆ. ಇಳಿಜಾರಿಗೆ ಇದೆಲ್ಲ ಗೊತ್ತಿಲ್ಲ. ಆದ್ದರಿಂದ ಒಂದು ಪಟ್ಟಿ ಬರೆದು ಗಾಡಿಯಲ್ಲೇ ಇಡಿ, ಪ್ರತಿ ಸಲವೂ ಓದಿ.

ಮಗ ಹಾಗೆಯೇ ಮಾಡಿದ್ದಾನೆ. ಗುಂಡು, ಸರಪಳಿ, ಪ್ಲಗ್ಗು ಎಲ್ಲ ಇಂಗ್ಲಿಷಿನಲ್ಲಿದೆ. ಮೊದಲ ಸಾಲನ್ನು ಮಾತ್ರ, ಸಂಘದ ಭಾನುವಾರದ ತರಗತಿಯಲ್ಲಿ ಕಲಿತು ಅರ್ಧ ಮರೆತ ಕನ್ನಡದಲ್ಲಿ, ಒತ್ತಕ್ಷರ ತಪ್ಪಿಸಿ ಬರೆದಿದ್ದಾನೆ: "ನೊಗ ಎತಿ ನೋಡು." ನಾನು ತಿದ್ದಲು ಹೋಗಲಿಲ್ಲ. ಎತ್ತಿನ ಗಾಡಿಯನ್ನೇ ಹತ್ತದ ಹುಡುಗ ಅವನ ತಾತನ ಮಾತನ್ನು ಬರೆದುಕೊಂಡನಲ್ಲ, ಅಷ್ಟು ಸಾಕು.

ಊಟದ ಸಾಲಿನ ಆ ಹುಡುಗ ಇದನ್ನು ಓದುತ್ತಿದ್ದರೆ, ಮಗೂ, ಧಾರಾಳವಾಗಿ ಟ್ರಕ್ಕು ಕೊಳ್ಳು, ಬೆಟ್ಟ ಕಾಡು ಸುತ್ತು. ಕೊಳ್ಳುವ ಮೊದಲು ಮಾತ್ರ ಬಾಗಿಲು ತೆರೆದು ಆ ಚೀಟಿ ಓದು.